ದೊಡ್ಡವರಾದ ಮೇಲೆ ಕುದುರೆ ಸವಾರಿ: ಹೆದರಿಕೆ ಇದ್ದರೆ ಮೊದಲು ಇಳಿಯೋದನ್ನು ಕಲಿಯಿರಿ

ನಾನು ಕುದುರೆ ಸವಾರಿ ಕಲಿಯಲು ಶುರು ಮಾಡಿದ್ದು 41ನೇ ವಯಸ್ಸಿನಲ್ಲಿ. ಬೆಂಗಳೂರಿನ ಹೊರಗಿನ ಒಂದು ಲಾಯದಲ್ಲಿ, ವಾರಕ್ಕೆ ಎರಡು ದಿನ, ಬೆಳಗ್ಗೆ 6.30ಕ್ಕೆ. ಮೊದಲ ಎರಡು ತಿಂಗಳು ಕ್ಲಾಸಿನ ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಲಾಯದ ಗೇಟಿನ ಹತ್ತಿರ ಬೇಯಿಸಿದ ಹುರುಳಿಯ ವಾಸನೆ ಮೂಗಿಗೆ ಬಡಿದ ಕೂಡಲೇ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗೆ ಆಗುತ್ತಿತ್ತು. ನನ್ನ ಜೊತೆ ಸೇರಿದ್ದ ದೊಡ್ಡವರಲ್ಲಿ ಸುಮಾರು ಜನ ಮೂರು-ನಾಲ್ಕು ಕ್ಲಾಸಿಗೆ ಬಿಟ್ಟರು. ಸೊಂಟ ನೋವು, ಟೈಮಿಲ್ಲ, ಫೀಸು ಜಾಸ್ತಿ ಅಂತ ಕಾರಣ ಹೇಳಿದರು. ಅವರ ಮುಖ ನೋಡಿದ ನನಗೆ ಗೊತ್ತು, ಅದು ಹೆದರಿಕೆ. ಅವರಿಗೆ ಆಗ ಯಾರಾದರೂ ಹೇಳಬೇಕಾಗಿದ್ದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಈ ಹೆದರಿಕೆಗೆ ಕಾರಣ ಇದೆ. ಸವಾರಿ ಶಾಲೆಯ ಸಾಧಾರಣ ಕುದುರೆಯೊಂದು 450 ಕಿಲೋ ತೂಗುತ್ತದೆ. 15 ಹ್ಯಾಂಡ್ ಎತ್ತರ ಅಂದರೆ, ಒಂದು ಹ್ಯಾಂಡ್‌ಗೆ 4 ಇಂಚಿನ ಲೆಕ್ಕದಲ್ಲಿ, ಕತ್ತು ಬೆನ್ನಿಗೆ ಸೇರುವ ಜಾಗದಲ್ಲಿ ಸರಿಯಾಗಿ 5 ಅಡಿ. ಅದರ ಮೇಲೆ ನೀವು ಕೂತಾಗ ನಿಮ್ಮ ಕಣ್ಣು ನೆಲದಿಂದ ಹತ್ತಿರ ಹತ್ತಿರ 8 ಅಡಿ ಮೇಲಿರುತ್ತದೆ. ಕೆಳಗಿರುವುದು ಗೋಡೆಯೋ ಏಣಿಯೋ ಅಲ್ಲ, ತನ್ನದೇ ಮನಸ್ಸಿರುವ ಜೀವ. ಎಂಟು ವರ್ಷದ ಮಗು ಇದನ್ನೆಲ್ಲ ಲೆಕ್ಕ ಹಾಕುವುದಿಲ್ಲ. ನಾವು ಹಾಕುತ್ತೇವೆ. ಸೋಮವಾರ ಆಫೀಸಿಗೆ ಹೋಗಬೇಕು, ಮನೆಯಲ್ಲಿ ನಮ್ಮನ್ನು ನಂಬಿದವರಿದ್ದಾರೆ, ಮೂಳೆ ಮುರಿದರೆ ಮೊದಲಿನಷ್ಟು ಬೇಗ ಕೂಡುವುದಿಲ್ಲ. ಆದ್ದರಿಂದ ‘ಏನೂ ಆಗಲ್ಲ, ಧೈರ್ಯ ಮಾಡಿ’ ಅನ್ನುವ ಮಾತು ದೊಡ್ಡವರಿಗೆ ನಾಟುವುದೇ ಇಲ್ಲ.

ನನ್ನ ಅನುಭವದಲ್ಲಿ ಆ ಹೆದರಿಕೆಯ ಒಳಗೆ ಇರುವುದು ಒಂದೇ ಪ್ರಶ್ನೆ. ‘ಸಾಕು ಅನ್ನಿಸಿದಾಗ ನಾನು ಇದನ್ನು ನಿಲ್ಲಿಸಬಲ್ಲೆನಾ? ಇಳಿಯಬಲ್ಲೆನಾ?’ ಸಾಮಾನ್ಯವಾಗಿ ಕ್ಲಾಸು ಶುರುವಾಗುವುದು ಹತ್ತುವುದರಿಂದ, ಆಮೇಲೆ ನಡೆಸುವುದು, ಓಡಿಸುವುದು. ಇಳಿಯುವುದನ್ನು ಕೊನೆಯ ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ಹೆದರಿಕೆ ಇರುವವರಿಗೆ ಇದು ತಿರುಗುಮುರುಗಾಗಬೇಕು. ಮೊದಲು ಇಳಿಯೋದು, ಆಮೇಲೆ ನಿಲ್ಲಿಸೋದು, ಆಮೇಲೆ ಉಳಿದದ್ದು.

ಮೊದಲು ಲಾಯ ನೋಡಿ ಬನ್ನಿ

ಫೀಸು ಕಟ್ಟುವ ಮುಂಚೆ ಒಂದು ದಿನ ಸುಮ್ನೆ ಹೋಗಿ ಬೇರೆಯವರ ಕ್ಲಾಸು ನೋಡಿ. ಕಲಿಸುವವರು ಕಿರುಚುತ್ತಾರಾ? ಹೆದರಿದವರನ್ನು ನೋಡಿ ನಗುತ್ತಾರಾ? ನಾನು ಮೊದಲು ಹೋಗಿದ್ದ ಇನ್ನೊಂದು ಜಾಗದಲ್ಲಿ ನನಗೆ ಭಯ ಇದೆ ಅಂತ ಹೇಳಿಯೂ, ಎರಡು ದಿನ ಲಾಯದಿಂದ ಹೊರಗೇ ಬಂದಿರದ ಕುದುರೆಯ ಮೇಲೆ ಕೂರಿಸಿದರು. ಅದು ತಲೆ ಎಗರಿಸಿದಾಗಲೆಲ್ಲ ‘ಗಟ್ಟಿಯಾಗಿ ಹಿಡಿಯಿರಿ’ ಅಂತ ದೂರದಿಂದ ಕೂಗಿದರು. ಹೆದರಿದವರ ಮೇಲೆ ಹಾವೆಸೆದ ಹಾಗಾಯಿತು. ಅಲ್ಲಿಂದ ಬಂದ ಮೇಲೆ ಐದು ತಿಂಗಳು ನಾನು ಕುದುರೆಯ ಹತ್ತಿರ ಸುಳಿಯಲಿಲ್ಲ.

ಕೇಳಲೇಬೇಕಾದದ್ದು ಎರಡು. ಹೊಸಬರಿಗೇ ಅಂತ ಇಟ್ಟಿರುವ, ವಯಸ್ಸಾದ, ಸಮಾಧಾನದ ಕುದುರೆ ಇದೆಯಾ? ಮೊದಲ ಕ್ಲಾಸುಗಳನ್ನು ಉದ್ದ ಹಗ್ಗದಲ್ಲಿ ಮಾಡಿಸುತ್ತೀರಾ? ಈ ಹಗ್ಗಕ್ಕೆ ಲಾಂಜ್ ಲೈನ್ ಅನ್ನುತ್ತಾರೆ. ಸುಮಾರು 25 ಅಡಿಯ ಹಗ್ಗ ಹಿಡಿದು ಕಲಿಸುವವರು ನಡುವೆ ನಿಲ್ಲುತ್ತಾರೆ, ಕುದುರೆ ಅವರ ಸುತ್ತ ಸುತ್ತುತ್ತದೆ. ಕುದುರೆಯ ಜವಾಬ್ದಾರಿ ಅವರದು, ನಿಮ್ಮ ಮೈಯ ಜವಾಬ್ದಾರಿ ಮಾತ್ರ ನಿಮ್ಮದು. ದೊಡ್ಡವರಿಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ.

ನಮ್ಮ ಕಡೆಯ ಸವಾರಿ ಶಾಲೆಗಳಲ್ಲಿ ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ತಳಿಯ ಕುದುರೆಗಳು ಬಹಳ ಇರುತ್ತವೆ. ಅವು ಕೆಟ್ಟವಲ್ಲ, ನಾನು ತುಂಬಾ ಪ್ರೀತಿಸುವ ಕುದುರೆಯೂ ಅಂಥದ್ದೇ. ಆದರೆ ರೇಸಿನಲ್ಲಿ ಲಗಾಮಿನ ಬಿಗಿತಕ್ಕೆ ಮೈಯೊರಗಿಸಿ ಓಡಿ ಅಭ್ಯಾಸವಾದವು ಕೆಲವು ಇರುತ್ತವೆ. ಹೆದರಿ ಲಗಾಮು ಬಿಗಿಯಾಗಿ ಎಳೆದು ಹಿಡಿದರೆ ಅವು ನಿಲ್ಲುವ ಬದಲು ಮುಂದೆ ನುಗ್ಗಬಹುದು. ಆ ಕುದುರೆ ಹೊಸದಾಗಿ ರೇಸಿನಿಂದ ಬಂದದ್ದಾ, ಹೊಸ ತರಬೇತಿ ಆಗಿ ಎಷ್ಟು ವರ್ಷ ಆಯಿತು ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ನಿಮ್ಮ ತೂಕದ ಬಗ್ಗೆ ಸಂಕೋಚ ಇದ್ದರೆ ಒಂದು ಲೆಕ್ಕ ಇಟ್ಟುಕೊಳ್ಳಿ. ಜೀನು ಸೇರಿಸಿ ಸವಾರನ ಭಾರ ಕುದುರೆಯ ತೂಕದ ಸುಮಾರು ಶೇ. 20ರೊಳಗೆ ಇರಬೇಕು ಅನ್ನುವುದು ಬಳಕೆಯಲ್ಲಿರುವ ಮಾತು. 450 ಕಿಲೋ ಕುದುರೆಗೆ 90 ಕಿಲೋ. ಬೆನ್ನಿನ ತೊಂದರೆ, ಮೂಳೆ ಸವೆತ ಇದ್ದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಹೆಲ್ಮೆಟ್ ಕುದುರೆ ಸವಾರಿಯದ್ದೇ ಆಗಿರಲಿ. ಸೈಕಲ್ಲಿನದು, ಬೈಕಿನದು ಬೇಡ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಗದ್ದದ ಪಟ್ಟಿ ಹಾಕಿ ತಲೆ ಅಲ್ಲಾಡಿಸಿದರೆ ಜಾರಬಾರದು. ಶೂಗೆ ಒಂದು ಇಂಚಿನಷ್ಟು ಹಿಮ್ಮಡಿ ಇರಲಿ. ಸ್ಪೋರ್ಟ್ಸ್ ಶೂ ಹಾಕಿದರೆ ಪಾದ ಸ್ಟಿರಪ್ಪಿನೊಳಗೆ, ಅಂದರೆ ಜೀನಿನಿಂದ ಇಳಿಬಿದ್ದಿರುವ, ಕಾಲಿಡುವ ಬಳೆಯೊಳಗೆ, ಪೂರ್ತಿ ತೂರಿ ಸಿಕ್ಕಿಕೊಳ್ಳುವ ಅಪಾಯ ಇದೆ.

ನೆಲದ ಮೇಲೆ ಒಂದು ವಾರ

ಮೊದಲ ವಾರ ಹತ್ತಲೇಬೇಡಿ. ದುಡ್ಡು ಕೊಟ್ಟು ಹತ್ತದೆ ಇರುವುದಾ ಅಂತ ಅನ್ನಿಸಬಹುದು. ನನಗೆ ಅತಿ ಹೆಚ್ಚು ಫಲ ಕೊಟ್ಟದ್ದು ಆ ವಾರವೇ.

ನನಗೆ ಸಿಕ್ಕಿದ್ದು ರಾಣಿ, ಕಂದು ಬಣ್ಣದ, 17 ವರ್ಷದ ಹೆಣ್ಣು ಕುದುರೆ. ಅಲ್ಲಿನ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ನನ್ನ ಕೈಗೆ ಬ್ರಷ್ ಕೊಟ್ಟು, ‘ಮೇಡಂ, ಭುಜದ ಕಡೆಯಿಂದ ಹೋಗಿ, ಮಾತಾಡ್ತಾ ಹೋಗಿ’ ಅಂದರು. ಅದಕ್ಕೆ ಕಾರಣ ಇದೆ. ಕುದುರೆಯ ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ, ಆದರೆ ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕಾಣುವುದಿಲ್ಲ. ಹಿಂದಿನಿಂದ ಸದ್ದಿಲ್ಲದೆ ಹೋದರೆ ಅದು ಬೆಚ್ಚುತ್ತದೆ, ಒದೆಯಲೂಬಹುದು. ನಾನು ರಾಣಿಯ ಕತ್ತಿನ ಮೇಲೆ ಬ್ರಷ್ ಇಟ್ಟಾಗ ನನ್ನ ಕಡೆಯ ಕಿವಿ ಮಾತ್ರ ನಿಧಾನವಾಗಿ ನನ್ನತ್ತ ತಿರುಗಿತು, ಇನ್ನೊಂದು ಕಿವಿ ಅಂಗಳದಲ್ಲಿ ಬಕೆಟ್ ಎಳೆಯುತ್ತಿದ್ದ ಸದ್ದಿನ ಕಡೆಗೇ ಇತ್ತು. ಒಂದು ನೊಣ ಹೊಟ್ಟೆಯ ಮೇಲೆ ಕೂತಿತು. ಆ ಅಂಗೈಯಗಲದ ಚರ್ಮವಷ್ಟೇ ಥರಥರ ಅಂದು ನೊಣವನ್ನು ಎಬ್ಬಿಸಿತು. ಉಳಿದ ಮೈ ಅಲ್ಲಾಡಲಿಲ್ಲ. ಒಂದು ನೊಣದ ಭಾರ ಗೊತ್ತಾಗುವ ಚರ್ಮಕ್ಕೆ ನನ್ನ ಕಾಲಿನ ನಡುಕ ಗೊತ್ತಾಗದೆ ಇರುತ್ತದಾ? ಹತ್ತು ನಿಮಿಷ ಉಜ್ಜಿದ ಮೇಲೆ ಅದು ತಲೆ ತಗ್ಗಿಸಿ, ಬಾಯಿ ಚಪ್ಪರಿಸಿ, ಉದ್ದಕ್ಕೆ ಉಸಿರು ಬಿಟ್ಟಿತು. ನಾನೂ ಬಿಟ್ಟೆ.

ಕಿವಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಎರಡೂ ಮುಂದಕ್ಕೆ ನಿಮಿರಿದ್ದರೆ ಏನನ್ನೋ ಗಮನಿಸುತ್ತಿದೆ. ಒಂದು ಹಿಂದಕ್ಕೆ ಬಂದರೆ ನಿಮ್ಮ ಕಡೆ ಕಿವಿಗೊಟ್ಟಿದೆ. ಎರಡೂ ತಲೆಗೆ ಅಂಟಿಕೊಂಡು ಹಿಂದಕ್ಕೆ ಮಲಗಿದರೆ ಸಿಟ್ಟು, ಸ್ವಲ್ಪ ದೂರ ಇರಿ. ಕುದುರೆ ಯಾವಾಗ ಏನು ಮಾಡುತ್ತದೋ ಗೊತ್ತಾಗಲ್ಲ ಅನ್ನುವ ಭಯದ ಅರ್ಧ ಭಾಗ ಇಷ್ಟರಲ್ಲೇ ಕರಗುತ್ತದೆ. ಯಾಕೆಂದರೆ ಬಹಳ ಸಲ ಅದು ಮೊದಲೇ ಹೇಳಿರುತ್ತದೆ.

ಸೈಸ್‌ಗಳ ಜೊತೆ ಸ್ನೇಹ ಬೆಳೆಸಿ. ಯಾವ ಕುದುರೆಗೆ ಪ್ಲಾಸ್ಟಿಕ್ ಕವರ್ ಕಂಡರೆ ಆಗಲ್ಲ, ಯಾವುದಕ್ಕೆ ಜೀನು ಜಾರದಂತೆ ಕಟ್ಟುವ ಹೊಟ್ಟೆಪಟ್ಟಿ ಬಿಗಿಯುವಾಗ ಕಿರಿಕಿರಿ, ಎಲ್ಲವೂ ಅವರಿಗೆ ಗೊತ್ತು. ಬೆಲ್ಲವೋ ಕ್ಯಾರೆಟ್ಟೋ ಕೊಡುವುದಿದ್ದರೆ ಅವರನ್ನು ಕೇಳಿ, ಅಂಗೈ ಚಪ್ಪಟೆ ಮಾಡಿ ಕೊಡಿ, ಬೆರಳು ಮಡಚಬೇಡಿ.

ಇಳಿಯೋದು

ಹತ್ತಲು ಕಲ್ಲೋ ಸ್ಟೂಲೋ ಇಟ್ಟುಕೊಳ್ಳಿ. ನೆಲದಿಂದ ನೆಗೆಯುವ ಅಗತ್ಯ ಇಲ್ಲ, ಕುದುರೆಯ ಬೆನ್ನಿಗೂ ಅದೇ ಹಿತ. ಒಬ್ಬರು ಕುದುರೆಯನ್ನು ಹಿಡಿದುಕೊಂಡಿರಲಿ. ಎಡಗಡೆಯಿಂದ ಹತ್ತಿ, ಕೂತು, ಮೂರು ಉಸಿರು ಬಿಟ್ಟು, ಇಳಿದುಬಿಡಿ. ಕುದುರೆ ಒಂದು ಹೆಜ್ಜೆಯೂ ಇಡಬೇಕಾಗಿಲ್ಲ.

ಇಳಿಯುವ ಕ್ರಮ ಹೀಗೆ. ಎರಡೂ ಪಾದಗಳನ್ನು ಸ್ಟಿರಪ್ಪಿನಿಂದ ಹೊರಗೆ ತೆಗೆಯಿರಿ, ಎರಡೂ, ಒಂದಲ್ಲ. ಲಗಾಮನ್ನು ಎಡಗೈಯಲ್ಲಿ ಸೇರಿಸಿ ಹಿಡಿದು ಅದೇ ಕೈಯನ್ನು ಕತ್ತಿನ ಮೇಲೆ ಊರಿ, ಬಲಗೈಯನ್ನು ಜೀನಿನ ಮುಂಭಾಗಕ್ಕೆ ಇಡಿ. ಮುಂದಕ್ಕೆ ಬಾಗಿ, ಬಲಗಾಲನ್ನು ಹಿಂದಿನಿಂದ ಮೇಲೆತ್ತಿ, ಕುದುರೆಯ ಬೆನ್ನಿಗೆ ತಾಗದ ಹಾಗೆ ಈಚೆ ತನ್ನಿ. ಹೊಟ್ಟೆ ಜೀನಿಗೆ ಒತ್ತಿಕೊಂಡು ಜಾರಿ, ಮಂಡಿ ಸಡಿಲ ಬಿಟ್ಟು ಎರಡೂ ಕಾಲಿನ ಮೇಲೆ ನಿಲ್ಲಿ. ಕಾಲನ್ನು ಕತ್ತಿನ ಮುಂದಿನಿಂದ ಹಾಕಿ ಇಳಿಯುವುದು ಸಿನಿಮಾದಲ್ಲಿ ಚೆಂದ, ಇಲ್ಲಿ ಬೇಡ. ಆ ಕ್ಷಣದಲ್ಲಿ ಕುದುರೆ ತಲೆ ಎತ್ತಿದರೆ ನೀವು ಹಿಂದಕ್ಕೆ ಉರುಳುತ್ತೀರಿ.

ಇದನ್ನು ಒಂದೇ ದಿನ ಆರೇಳು ಸಲ ಮಾಡಿ. ಮೊದಲ ಸಲ ನೆಲ ಪಾತಾಳದಷ್ಟು ಕೆಳಗೆ ಕಂಡಿತ್ತು, ಐದನೇ ಸಲಕ್ಕೆ ಮನೆಯ ಕಟ್ಟೆಯಿಂದ ಇಳಿದಷ್ಟೇ ಅನ್ನಿಸಿತು. ಮುಂದಿನ ವಾರ ಕಲಿಸುವವರು ಕುದುರೆಯನ್ನು ನಿಧಾನವಾಗಿ ನಡೆಸುತ್ತಿರುವಾಗಲೇ ಇದನ್ನು ಮಾಡಿಸಲಿ. ಗಾಬರಿಯ ಹೊತ್ತಿನಲ್ಲಿ ಹೀಗೆ ಇಳಿಯುವುದನ್ನು ಎಮರ್ಜೆನ್ಸಿ ಡಿಸ್‌ಮೌಂಟ್ ಅಂತ ಹೆಸರಿಟ್ಟೇ ಕಲಿಸುವ ಶಾಲೆಗಳಿವೆ. ನಿಮ್ಮಲ್ಲಿ ಕಲಿಸದಿದ್ದರೆ ನೀವೇ ಕೇಳಿ. ನಡೆಯುವ ಕುದುರೆಯಿಂದ ಒಮ್ಮೆ ಸಲೀಸಾಗಿ ಇಳಿದ ದಿನವೇ ನನಗೆ ರಾತ್ರಿ ನಿದ್ದೆ ಬರಲು ಶುರುವಾಯಿತು.

ನಿಲ್ಲಿಸೋದು

ಹೆದರಿದ ಮೈ ಮಾಡುವ ಕೆಲಸಗಳು ಎಲ್ಲರಲ್ಲೂ ಒಂದೇ. ಉಸಿರು ಹಿಡಿಯುತ್ತೇವೆ, ಮುಂದಕ್ಕೆ ಮುದುಡುತ್ತೇವೆ, ಮಂಡಿಯಿಂದ ಜೀನನ್ನು ಅಮುಕುತ್ತೇವೆ, ಹಿಮ್ಮಡಿ ಮೇಲೇಳುತ್ತದೆ, ಲಗಾಮಿಗೆ ಜೋತುಬೀಳುತ್ತೇವೆ. ತೊಂದರೆ ಏನೆಂದರೆ ಕುದುರೆಯ ಭಾಷೆಯಲ್ಲಿ ಇದರಲ್ಲಿ ಅರ್ಧಕ್ಕರ್ಧ ‘ಹೊರಡು’ ಅಂತ. ಮುಂದಕ್ಕೆ ಬಾಗಿದ ಭಾರ, ಬದಿಗೆ ಒತ್ತಿದ ಕಾಲು ಎರಡೂ ಅದಕ್ಕೆ ಹೊರಡುವ ಸೂಚನೆಯೇ. ಕಾಲು ಹೊರಡು ಅನ್ನುತ್ತದೆ, ಕೈ ನಿಲ್ಲು ಅನ್ನುತ್ತದೆ, ಪಾಪ ಅದು ಯಾವುದನ್ನು ಕೇಳಬೇಕು?

ನಿಲ್ಲಿಸಬೇಕಾದಾಗ ಮೊದಲು ಉಸಿರು ಬಿಡಿ, ಕೇಳುವಷ್ಟು ಜೋರಾಗಿ. ಜೊತೆಗೆ ಬೆನ್ನು ನೇರ ಮಾಡಿ ಜೀನಿನಲ್ಲಿ ಭಾರವಾಗಿ ಕೂತುಕೊಳ್ಳಿ, ಕುರ್ಚಿಯಲ್ಲಿ ಸುಸ್ತಾಗಿ ಕೂತ ಹಾಗೆ. ಆಮೇಲೆ ಲಗಾಮಿನ ಮೇಲೆ ಬೆರಳು ಮುಚ್ಚಿ, ಬಿಡಿ, ಮುಚ್ಚಿ, ಬಿಡಿ, ನಿಂಬೆಹಣ್ಣು ಹಿಂಡುವ ಹಾಗೆ. ಒಂದೇ ಸಮ ಎಳೆದು ಹಿಡಿಯಬೇಡಿ, ಎಳೆದಾಟದಲ್ಲಿ 450 ಕಿಲೋದ ಪ್ರಾಣಿಯೇ ಗೆಲ್ಲುವುದು. ಕುದುರೆ ನಿಂತ ಆ ಗಳಿಗೆಯಲ್ಲೇ ಬೆರಳು ಸಡಿಲಿಸಿ ಕತ್ತು ಸವರಿ. ಅದು ಅದಕ್ಕೆ ಸಿಗುವ ಸಂಬಳ.

ಮೂರನೇ ವಾರ ನಾನು ಮಾಡಿದ್ದು ಇಷ್ಟೇ. ಹತ್ತು ಹೆಜ್ಜೆ ನಡೆಸುವುದು, ನಿಲ್ಲಿಸುವುದು. ಐದು ಹೆಜ್ಜೆ, ನಿಲ್ಲಿಸುವುದು. ಅರ್ಧ ಗಂಟೆಯಲ್ಲಿ ನಲವತ್ತು ಸಲ ಆಗಿರಬೇಕು. ಕೊನೆಕೊನೆಗೆ ನಾನು ಉಸಿರು ಬಿಟ್ಟರೇ ರಾಣಿ ನಿಲ್ಲುತ್ತಿತ್ತು, ಲಗಾಮಿನವರೆಗೆ ಹೋಗುವುದೇ ಬೇಕಾಗಲಿಲ್ಲ. ಆ ಸುಖವನ್ನು ಬರೆದು ತಿಳಿಸುವುದು ಕಷ್ಟ.

ನಿಲ್ಲದೆ ಜೋರಾದರೆ? ಒಂದು ಬದಿಯ ಲಗಾಮನ್ನು ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಸರಿಸಿ ದೊಡ್ಡ ಸುತ್ತಿಗೆ ತಿರುಗಿಸಿ, ಸುತ್ತನ್ನು ಚಿಕ್ಕದು ಮಾಡುತ್ತಾ ಬನ್ನಿ. ಸುತ್ತು ಚಿಕ್ಕದಾದಂತೆ ಓಡುವುದು ಕಷ್ಟವಾಗಿ ಅದು ನಿಧಾನವಾಗುತ್ತದೆ. ಥಟ್ಟನೆ ತಿರುಗಿಸಬೇಡಿ, ಕುದುರೆಯೇ ಕಾಲು ತಪ್ಪೀತು. ಕುದುರೆ ನಡೆಯುತ್ತಿರುವಾಗಲೇ, ಕಲಿಸುವವರು ಎದುರಿಗೆ ಇರುವಾಗ, ಇದನ್ನು ಎರಡೂ ಕಡೆಗೆ ಅಭ್ಯಾಸ ಮಾಡಿಕೊಳ್ಳಿ.

ಇನ್ನೊಂದು ಸಣ್ಣ ಉಪಾಯ. ಕುದುರೆಯ ಕತ್ತಿನ ಬುಡಕ್ಕೆ ಒಂದು ಚರ್ಮದ ಪಟ್ಟಿ ಕಟ್ಟಿಸಿಕೊಳ್ಳಿ. ಆಯ ತಪ್ಪಿದಾಗ ಲಗಾಮಿಗೆ ಬದಲು ಅದನ್ನು ಹಿಡಿದುಕೊಂಡರೆ ಕುದುರೆಯ ಬಾಯಿಗೆ ನೋವಾಗುವುದಿಲ್ಲ. ನನಗೆ ಇದನ್ನು ಕೇಳಲು ನಾಚಿಕೆ ಇತ್ತು. ಒಳ್ಳೆಯ ಸವಾರರೂ ಹೊಸ ಕುದುರೆ ಹತ್ತುವಾಗ ಅದನ್ನು ಕಟ್ಟಿಕೊಳ್ಳುತ್ತಾರೆ ಅಂತ ಆಮೇಲೆ ತಿಳಿಯಿತು.

ಉಸಿರು, ಕಣ್ಣು, ಹಾಡು

2009ರಲ್ಲಿ ಸ್ವೀಡನ್ನಿನ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಜನ ಕುದುರೆಯನ್ನು ನಡೆಸಿಕೊಂಡೋ ಸವಾರಿ ಮಾಡಿಕೊಂಡೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಾಲ್ಕು ಸಲ ಹೋಗಬೇಕು. ನಾಲ್ಕನೇ ಸಲಕ್ಕೆ ಮುಂಚೆ, ‘ಈ ಸಲ ನೀವು ಹೋಗುವಾಗ ಛತ್ರಿ ಬಿಚ್ಚುತ್ತೇವೆ’ ಅಂತ ಹೇಳಿದರು. ಛತ್ರಿ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಅವರ ಜೊತೆ ಕುದುರೆಗಳದ್ದೂ ಏರಿತು. ಕುದುರೆಗೆ ಛತ್ರಿಯ ಮಾತು ಗೊತ್ತಿಲ್ಲ, ಅದು ಕೇಳಿಸಿಕೊಂಡದ್ದು ಮನುಷ್ಯರ ಮೈಯನ್ನು.

ಇದನ್ನು ಓದಿ ‘ಅಯ್ಯೋ, ನಾನು ಹೆದರಲೇಬಾರದು’ ಅಂದುಕೊಳ್ಳಬೇಡಿ. ಹೆದರಿಕೆ ಬಂದೇ ಬರುತ್ತದೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿ ಇಲ್ಲ, ಉಸಿರು ಇದೆ. ಎರಡು ಹೆಜ್ಜೆ ನಡೆಯುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಿ, ನಾಲ್ಕು ಹೆಜ್ಜೆಯಷ್ಟು ಹೊತ್ತು ಬಿಡಿ. ಬಿಡುವುದು ಉದ್ದವಾಗಿರಲಿ. ಅದೂ ಮರೆತುಹೋದರೆ ಹಾಡು ಗುನುಗಿ. ಹಾಡುತ್ತಾ ಉಸಿರು ಕಟ್ಟುವುದು ಆಗದ ಮಾತು. ನಾನು ಮಗುವನ್ನು ಮಲಗಿಸುವಾಗ ಹಾಡುತ್ತಿದ್ದ ಜೋಗುಳವನ್ನೇ ಎಷ್ಟೋ ಬೆಳಗ್ಗೆ ರಾಣಿಯ ಮೇಲೆ ಕೂತು ಹಾಡಿದ್ದೇನೆ.

ಕಣ್ಣು ಕೆಳಗೆ ಹೋಗದಿರಲಿ. ತಲೆ ಒಂದೇ ನಾಲ್ಕೈದು ಕಿಲೋ ಭಾರ ಇರುತ್ತದೆ, ಅದು ಬಾಗಿದರೆ ಇಡೀ ಮೈ ಅದರ ಹಿಂದೆ ಹೋಗುತ್ತದೆ. ಕುದುರೆಯ ಎರಡು ಕಿವಿಗಳ ನಡುವಿನಿಂದ ದೂರದ ಮರವನ್ನೋ ಕಂಬವನ್ನೋ ನೋಡಿ. ಎಲ್ಲಿಗೆ ಹೋಗಬೇಕೋ ಅಲ್ಲಿಗೆ ನೋಡಿ, ಎಲ್ಲಿ ಬೀಳುತ್ತೇನೋ ಅಂತ ಅನ್ನಿಸುತ್ತದೋ ಅಲ್ಲಿಗೆ ಅಲ್ಲ.

ಟ್ರಾಟ್ ಬಂದಾಗ

ನಡಿಗೆಯಲ್ಲಿ ಗಂಟೆಗೆ 6-7 ಕಿ.ಮೀ. ವೇಗ, ನಾಲ್ಕು ಕಾಲೂ ಒಂದೊಂದಾಗಿ ಬೀಳುತ್ತವೆ. ಟ್ರಾಟ್, ಅಂದರೆ ಕುಕ್ಕುಲೋಟ, ಹಾಗಲ್ಲ. ಒಂದು ಮುಂಗಾಲು, ಅದರ ಎದುರು ಮೂಲೆಯ ಹಿಂಗಾಲು ಒಟ್ಟಿಗೆ ಬಿದ್ದು ಎರಡೇ ತಾಳ. ಹೆಸರೇ ಹೇಳುವ ಹಾಗೆ ಕುಕ್ಕುತ್ತದೆ. ನಡಿಗೆಯಲ್ಲಿ ಗಳಿಸಿದ ಧೈರ್ಯ ಇಲ್ಲಿ ಕರಗಿದರೆ ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರಿಗೂ ಆಗುತ್ತದೆ. ಮತ್ತೆ ಉದ್ದ ಹಗ್ಗಕ್ಕೆ ಹೋಗಿ. ಕತ್ತಿನ ಪಟ್ಟಿ ಹಿಡಿದು, ಒಂದು ತಾಳಕ್ಕೆ ಎದ್ದು ಒಂದು ತಾಳಕ್ಕೆ ಕೂರಿ. ‘ಏಳು-ಕೂರು, ಏಳು-ಕೂರು’ ಅಂತ ಬಾಯಿಬಿಟ್ಟು ಹೇಳಿ. ಮೊದಲು ಎಂಟು ಹೆಜ್ಜೆ ಮಾತ್ರ, ಆಮೇಲೆ ನಡಿಗೆ. ಎಷ್ಟು ಹೆಜ್ಜೆ ಅಂತ ಮೊದಲೇ ನಿಗದಿಯಾಗಿದ್ದರೆ ಮನಸ್ಸು ತಡೆದುಕೊಳ್ಳುತ್ತದೆ, ಕೊನೆ ಯಾವಾಗ ಅಂತ ತಿಳಿಯದಿದ್ದರೆ ತಡೆದುಕೊಳ್ಳುವುದಿಲ್ಲ.

ದಸರೆಗೆ ಮೊದಲು ಮೈಸೂರಿನಲ್ಲಿ ಆನೆಗಳಿಗೂ ಅಶ್ವಾರೋಹಿ ದಳದ ಕುದುರೆಗಳಿಗೂ ಕುಶಾಲತೋಪಿನ ತಾಲೀಮು ನಡೆಯುತ್ತದೆ ಅಲ್ವಾ? ವಿಜಯದಶಮಿಯ ದಿನ 21 ಸಲ ತೋಪು ಹಾರುವಾಗ ಅವು ಬೆದರಬಾರದು ಅಂತ ಮೊದಲೇ ಆ ಸದ್ದನ್ನು ಮತ್ತೆ ಮತ್ತೆ ಕೇಳಿಸುತ್ತಾರೆ. ಮೊದಲ ದಿನ ಬೆಚ್ಚಿದವು ಆಮೇಲೆ ನಿಂತಲ್ಲೇ ನಿಲ್ಲುತ್ತವೆ. ಕುದುರೆಗೇ ಅಷ್ಟು ಸಮಯ ಕೊಡುವಾಗ ಸವಾರರಿಗೂ ಕೊಡಬೇಕು. ‘ಇವತ್ತು ಟ್ರಾಟ್ ಬೇಡ, ನಡಿಗೆ ಸಾಕು’ ಅಂತ ಹೇಳುವ ಹಕ್ಕು ನಿಮ್ಮದು. ಡಿಸೆಂಬರ್-ಜನವರಿಯ ಚಳಿ ಗಾಳಿಯ ಬೆಳಗ್ಗೆಗಳಲ್ಲಿ ಕುದುರೆಗಳಿಗೆ ಹುರುಪು ಜಾಸ್ತಿ, ಸಣ್ಣದಕ್ಕೂ ಬೆಚ್ಚುತ್ತವೆ. ಅಂಥ ದಿನ ಹೊಸದೇನನ್ನೂ ಶುರು ಮಾಡಬೇಡಿ.

ಬಿದ್ದರೆ

ಬೀಳಬಹುದು. ನಾನು ಎರಡು ಸಲ ಬಿದ್ದಿದ್ದೇನೆ. ‘ಬಿದ್ದ ಕೂಡಲೇ ಮತ್ತೆ ಹತ್ತಬೇಕು, ಇಲ್ಲದಿದ್ದರೆ ಭಯ ಕೂತುಬಿಡುತ್ತದೆ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತಲೆಗೆ ಪೆಟ್ಟು ಬಿದ್ದಿದ್ದರೆ, ತಲೆ ಸುತ್ತಿದರೆ, ವಾಂತಿ ಬಂದ ಹಾಗಾದರೆ ಅವತ್ತು ಹತ್ತಲೇಬಾರದು, ಡಾಕ್ಟರ ಹತ್ತಿರ ಹೋಗಿ. ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಿ, ಒಳಗಿನ ಪದರ ಒಮ್ಮೆ ಅಮುಕಿಹೋದರೆ ಮುಗಿಯಿತು. ಏನೂ ಆಗಿಲ್ಲದಿದ್ದರೂ ಮನಸ್ಸು ಒಪ್ಪದಿದ್ದರೆ ಕುದುರೆಯನ್ನು ಹಿಡಿದು ಒಂದು ಸುತ್ತು ನಡೆಸಿ, ಬ್ರಷ್ ಮಾಡಿ, ಮನೆಗೆ ಹೋಗಿ. ಮುಂದಿನ ಸಲ ಮತ್ತೆ ನಿಂತ ಕುದುರೆಯ ಮೇಲೆ ಹತ್ತಿ ಇಳಿಯುವುದರಿಂದ ಶುರು ಮಾಡಿ. ನನ್ನ ಎರಡನೇ ಬೀಳುವಿಕೆಯ ನಂತರ ಪೂರ್ತಿ ಎರಡು ಕ್ಲಾಸು ಅದನ್ನೇ ಮಾಡಿದೆ.

ಕ್ಲಾಸು ಮುಗಿದ ಮೇಲೆ ಕುದುರೆಯನ್ನು ಸೈಸ್ ಕೈಗೆ ಕೊಟ್ಟು ಓಡಬೇಡಿ. ಹೊಟ್ಟೆಪಟ್ಟಿ ಒಂದು ತೂತು ಸಡಿಲಿಸಿ, ಅದರ ಪಕ್ಕದಲ್ಲಿ ಐದು ನಿಮಿಷ ನಡೆಯಿರಿ. ಆಮೇಲೆ ಫೋನಿನಲ್ಲಿ ಎರಡು ಸಾಲು ಬರೆದಿಡಿ. ಇವತ್ತು ಎಲ್ಲಿ ಹೆದರಿಕೆ ಆಯಿತು ಅನ್ನುವುದು ಒಂದು ಸಾಲು, ಏನು ಮಾಡಿದಾಗ ಕಡಿಮೆಯಾಯಿತು ಅನ್ನುವುದು ಇನ್ನೊಂದು. ‘ಮೂಲೆಯಲ್ಲಿ ಟಾರ್ಪಾಲು ಪಟಪಟ ಅಂದಾಗ ಉಸಿರು ನಿಂತಿತು. ಜೋಗುಳ ಹಾಡಿದೆ, ರಾಣಿಯ ಕಿವಿ ನನ್ನ ಕಡೆ ತಿರುಗಿತು.’ ನನ್ನ ಫೋನಿನಲ್ಲಿ ಇಂಥವು ನೂರಾರು ಇವೆ. ಮುಂದಿನ ಕ್ಲಾಸಿಗೆ ಹೋಗುವ ದಾರಿಯಲ್ಲಿ ಎರಡನೇ ಸಾಲುಗಳನ್ನು ಮಾತ್ರ ಓದಿಕೊಳ್ಳಿ.